ಗಂಡ ಹೆಂಡತಿಯ ಅಮೆರಿಕ ವೀಸಾಗೆ ಜಾಯಿಂಟ್ ಸ್ಪಾನ್ಸರ್: ಯಾರನ್ನು ಕೇಳಬೇಕು, ಏನೇನು ಕಾಗದ ಬೇಕು

ಐ-130, ಅಂದರೆ ಗಂಡ ಅಥವಾ ಹೆಂಡತಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಅರ್ಜಿ ಪಾಸಾಗಿದೆ, ಆದರೆ ಅಮೆರಿಕದಲ್ಲಿರುವ ಗಂಡನ ಅಥವಾ ಹೆಂಡತಿಯ ಸಂಬಳ ಸಾಲುತ್ತಿಲ್ಲ. ಬೇರೆಯವರಿಂದ ಸ್ಪಾನ್ಸರ್ ಮಾಡಿಸಬಹುದಾ? ಈ ಪ್ರಶ್ನೆ ಓದುಗರಿಂದ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೆರಡು: ಬೆಂಗಳೂರಿನಲ್ಲಿರುವ ಅಪ್ಪ ಸ್ಪಾನ್ಸರ್ ಆಗಬಹುದಾ? ಎಚ್-1ಬಿ (ತಾತ್ಕಾಲಿಕ ಕೆಲಸದ ವೀಸಾ) ಮೇಲಿರುವ ಫ್ರೆಂಡ್ ಆಗಬಹುದಾ? ಮೊದಲನೆಯದಕ್ಕೆ ಹೌದು. ಉಳಿದೆರಡೂ ಆಗುವುದಿಲ್ಲ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಜಾಯಿಂಟ್ ಸ್ಪಾನ್ಸರ್, ಅಂದರೆ ಅರ್ಜಿ ಹಾಕಿದವರ ಜೊತೆ ಹೊಣೆ ಹೊರುವ ಇನ್ನೊಬ್ಬರು, ತುಂಬಿಕೊಡುವುದು ಆದಾಯದ ಕೊರತೆಯನ್ನು ಮಾತ್ರ. ಅರ್ಜಿ ಹಾಕಿದವರು ಮಾಡಬೇಕಾದ ಮಿಕ್ಕ ಕೆಲಸವೆಲ್ಲ ಅವರ ತಲೆ ಮೇಲೇ ಇರುತ್ತದೆ. ಇದನ್ನು ಮರೆತಾಗಲೇ ಕೇಸು ನಿಲ್ಲುವುದು ಜಾಸ್ತಿ.

ಮೊದಲು ಈ ಪದಗಳು

ಪಿಟಿಷನರ್ ಅಂದರೆ ಐ-130 ಅರ್ಜಿ ಹಾಕಿದವರು, ಅಂದರೆ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ ಅಥವಾ ಹೆಂಡತಿ. ಐ-864 ಅಂದರೆ ಅಫಿಡವಿಟ್ ಆಫ್ ಸಪೋರ್ಟ್. ಬರುವವರು ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಅಮೆರಿಕ ಸರ್ಕಾರದ ಜೊತೆ ಮಾಡಿಕೊಳ್ಳುವ ಕರಾರು ಅದು. ಎನ್‌ವಿಸಿ ಅಂದರೆ ನ್ಯಾಷನಲ್ ವೀಸಾ ಸೆಂಟರ್. ಅರ್ಜಿ ಪಾಸಾದ ಮೇಲೆ ಫೀಸು ಮತ್ತು ಕಾಗದಪತ್ರ ತೆಗೆದುಕೊಂಡು ಪರಿಶೀಲಿಸುವುದು ಇವರೇ. ಸೀಯಾಕ್ ಅಂದರೆ ಕಾಗದಗಳನ್ನು ಅಪ್‌ಲೋಡ್ ಮಾಡುವ ಆನ್‌ಲೈನ್ ಪೋರ್ಟಲ್. ಎಲ್ಲ ಸರಿಯಿದೆ ಎಂದು ಎನ್‌ವಿಸಿ ಒಪ್ಪಿದರೆ ಕೇಸು 'ಡಿಕ್ಯೂ ಆಯ್ತು' ಅಂತಾರೆ. ಆಮೇಲೆ ಸಂದರ್ಶನದ ಸರದಿ.

ಐ-134 ಅಂತ ಇನ್ನೊಂದು ಫಾರಂ ಇದೆ. ಅದು ಮದುವೆಗೆ ಮುಂಚೆ ಹೋಗುವ ಕೆ-1 ವೀಸಾದಂಥ ಕಡೆ ಬಳಸುವುದು. ಮದುವೆಯಾದವರ ವಲಸೆ ವೀಸಾಗೆ ಅದನ್ನು ಕೊಟ್ಟರೆ ಪ್ರಯೋಜನವಿಲ್ಲ.

ಹಂತ 1: ಜಾಯಿಂಟ್ ಸ್ಪಾನ್ಸರ್ ನಿಜವಾಗಿ ಬೇಕಾ ಅಂತ ಲೆಕ್ಕ ಹಾಕಿ

ಪಿಟಿಷನರ್ ಆದಾಯ ಅಮೆರಿಕ ಸರ್ಕಾರದ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. ಮಿಲಿಟರಿಯಲ್ಲಿ ಸಕ್ರಿಯ ಸೇವೆಯಲ್ಲಿದ್ದು ಗಂಡ, ಹೆಂಡತಿ ಅಥವಾ ಮಕ್ಕಳನ್ನು ಕರೆಸಿಕೊಳ್ಳುವವರಿಗೆ ಶೇ. 100 ಸಾಕು. 2025ರ ಪಟ್ಟಿಯ ಪ್ರಕಾರ ಇಬ್ಬರ ಮನೆಗೆ ಬೇಕಾದದ್ದು ವರ್ಷಕ್ಕೆ 26,437 ಡಾಲರ್. ಮೂವರಿಗೆ 33,312, ನಾಲ್ವರಿಗೆ 40,187. ಅಲಾಸ್ಕಾ ಮತ್ತು ಹವಾಯಿಯಲ್ಲಿ ಇನ್ನೂ ಜಾಸ್ತಿ. ಈ ಅಂಕಿಗಳು ಪ್ರತಿ ವರ್ಷ ಬದಲಾಗುತ್ತವೆ. ಫಾರಂ ತುಂಬುವ ದಿನ ಐ-864ಪಿ ಎಂಬ ಹೊಸ ಪಟ್ಟಿ ತೆಗೆದು ನೋಡಿಕೊಳ್ಳಿ.

ಆದಾಯ ಕಮ್ಮಿ ಬಿದ್ದರೆ ತಕ್ಷಣ ಬೇರೆಯವರ ಬಾಗಿಲು ತಟ್ಟಬೇಡಿ. ಮೊದಲು ಮೂರು ದಾರಿ ನೋಡಿ.

ಒಂದು, ಈಗಿನ ಸಂಬಳ. ಹೋದ ವರ್ಷದ ಟ್ಯಾಕ್ಸ್ ರಿಟರ್ನ್‌ನಲ್ಲಿ ಆದಾಯ ಕಮ್ಮಿ ಇದ್ದು, ಈಗ ಒಳ್ಳೆಯ ಕೆಲಸ ಸಿಕ್ಕಿದ್ದರೆ ಮುಖ್ಯವಾಗಿ ನೋಡುವುದು ಈಗಿನ ವಾರ್ಷಿಕ ಆದಾಯವನ್ನೇ. ಕಂಪನಿಯ ಪತ್ರ ಮತ್ತು ಇತ್ತೀಚಿನ ಪೇ ಸ್ಟಬ್‌ಗಳನ್ನು (ಸಂಬಳದ ಚೀಟಿಗಳನ್ನು) ಜೊತೆಗಿಡಿ. ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರು ಇದು ಗೊತ್ತಿಲ್ಲದೆ ಸುಮ್ನೆ ಗಾಬರಿಯಾಗುತ್ತಾರೆ.

ಎರಡು, ಒಂದೇ ಮನೆಯಲ್ಲಿರುವ ಸಂಬಂಧಿಕರು. ಪಿಟಿಷನರ್ ಜೊತೆ ಒಂದೇ ವಿಳಾಸದಲ್ಲಿ ಅಪ್ಪ, ಅಮ್ಮ, ಅಣ್ಣ ಅಥವಾ ತಂಗಿ ಇದ್ದರೆ ಅವರ ಆದಾಯವನ್ನು ಐ-864ಎ ಎಂಬ ಫಾರಂ ಮೂಲಕ ಪಿಟಿಷನರ್ ಆದಾಯಕ್ಕೆ ಕೂಡಿಸಬಹುದು. ಇವರು ಜಾಯಿಂಟ್ ಸ್ಪಾನ್ಸರ್ ಅಲ್ಲ, ಹೌಸ್‌ಹೋಲ್ಡ್ ಮೆಂಬರ್. ಜಾಯಿಂಟ್ ಸ್ಪಾನ್ಸರ್ ಆದಾಯವನ್ನು ಹೀಗೆ ಪಿಟಿಷನರ್ ಆದಾಯಕ್ಕೆ ಕೂಡಿಸಲು ಬರುವುದಿಲ್ಲ. ಅವರು ಪೂರ್ತಿ ಮೊತ್ತವನ್ನು ತಾವೇ ತೋರಿಸಬೇಕು.

ಮೂರು, ಆಸ್ತಿ. ಪಿಟಿಷನರ್ ಅಮೆರಿಕದ ಪ್ರಜೆಯಾಗಿದ್ದರೆ ಕೊರತೆಯ 3 ಪಟ್ಟು, ಗ್ರೀನ್ ಕಾರ್ಡ್ ಇರುವವರಾದರೆ 5 ಪಟ್ಟು ಆಸ್ತಿ ತೋರಿಸಬೇಕು. ಒಬ್ಬ ಪ್ರಜೆಯ ಆದಾಯ 18,000 ಡಾಲರ್ ಅಂತಿಟ್ಟುಕೊಳ್ಳಿ. ಇಬ್ಬರ ಮನೆಗೆ 8,437 ಕಮ್ಮಿ ಬಿತ್ತು. ಮೂರು ಪಟ್ಟು ಅಂದರೆ 25,311 ಡಾಲರ್. ಅಷ್ಟು ಬ್ಯಾಂಕಿನಲ್ಲಿದ್ದರೆ ಕೆಲಸ ಆಯ್ತು.

ವೀಸಾ ಪಡೆಯುವ ಗಂಡ ಅಥವಾ ಹೆಂಡತಿಯ ಆಸ್ತಿಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬಹುದು. ನಮ್ಮ ಕಡೆಯವರಿಗೆ ಇದು ಉಪಯೋಗಕ್ಕೆ ಬರುವ ಮಾತು. ಮೈಸೂರಿನಲ್ಲಿ ಅವರ ಹೆಸರಿನಲ್ಲೇ ಸೈಟಿದ್ದರೆ, ಎಫ್‌ಡಿ ಇದ್ದರೆ ಅದೂ ಆಸ್ತಿಯೇ. ಆದರೆ ಒಂದು ವರ್ಷದೊಳಗೆ ಹಣವಾಗುವಂತಿರಬೇಕು, ಆ ಹಣ ಭಾರತದಿಂದ ಹೊರಗೆ ಹೋಗುವಂತಿರಬೇಕು. ಸೈಟಿಗೆ ಲೈಸೆನ್ಸ್ ಇರುವ ಮೌಲ್ಯಮಾಪಕರ ವರದಿ, ಕ್ರಯಪತ್ರ, ಖಾತಾ, ಇ.ಸಿ. ಬೇಕು. ಸಾಲವಿದ್ದರೆ ಕಳೆಯಬೇಕು. ಅಣ್ಣತಮ್ಮಂದಿರ ಜೊತೆ ಪಾಲಾಗದ ಪಿತ್ರಾರ್ಜಿತ ಜಮೀನನ್ನು ತೋರಿಸಲು ಹೋಗಬೇಡಿ, ವರ್ಷದೊಳಗೆ ಅದನ್ನು ಮಾರುವುದು ಯಾರಿಂದಾಗುತ್ತೆ? ನನ್ನ ಮಟ್ಟಿಗೆ ಎಫ್‌ಡಿ ಮತ್ತು ಬ್ಯಾಂಕ್ ಬ್ಯಾಲೆನ್ಸ್ ಚೆನ್ನ, ಸೈಟು ತಲೆನೋವು.

ಬೆಂಗಳೂರಿನ ಸಂಬಳ ಮಾತ್ರ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಅಮೆರಿಕಕ್ಕೆ ಹೋದ ಮೇಲೂ ಅದೇ ಕಡೆಯಿಂದ ಆದಾಯ ಬರುತ್ತಿದ್ದರಷ್ಟೇ ಹಿಡಿಯುತ್ತಾರೆ. ಕೆಲಸ ಬಿಟ್ಟು ಹೋಗುವವರಿಗೆ ಅದು ಅನ್ವಯಿಸುವುದಿಲ್ಲ.

ಈ ಮೂರೂ ಆಗಲಿಲ್ಲ ಅಂದರೆ ಜಾಯಿಂಟ್ ಸ್ಪಾನ್ಸರ್ ಹುಡುಕಿ.

ಹಂತ 2: ಯಾರು ಆಗಬಹುದು, ಯಾರು ಆಗಬಾರದು

ಶರತ್ತು ನಾಲ್ಕೇ. ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು. 18 ವರ್ಷ ತುಂಬಿರಬೇಕು. ಅಮೆರಿಕದಲ್ಲೇ ವಾಸವಾಗಿರಬೇಕು. ತಮ್ಮ ಮನೆಮಂದಿ ಮತ್ತು ಬರುವವರು ಸೇರಿದ ಲೆಕ್ಕಕ್ಕೆ ಶೇ. 125ರಷ್ಟು ಆದಾಯ ಇರಬೇಕು. ಸಂಬಂಧಿಕರೇ ಆಗಬೇಕೆಂದಿಲ್ಲ, ಸ್ನೇಹಿತರೂ ಆಗಬಹುದು.

ಎಡವುವುದು ಮೊದಲ ಶರತ್ತಿನಲ್ಲೇ. ಸ್ಯಾನ್ ಹೋಸೆಯಲ್ಲೋ ಡಲ್ಲಾಸ್‌ನಲ್ಲೋ ಇರುವ ನಮ್ಮವರಲ್ಲಿ ಎಷ್ಟೋ ಜನರ ಸಂಬಳ ಈ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ ಅವರಿರುವುದು ಎಚ್-1ಬಿ ಮೇಲೆ. ಐ-140 (ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಪಾಸಾಗಿ ಗ್ರೀನ್ ಕಾರ್ಡ್ ಸರದಿಯಲ್ಲಿ ಎಷ್ಟೇ ವರ್ಷ ಕಾದಿದ್ದರೂ, ಕಾರ್ಡ್ ಕೈಗೆ ಬರುವವರೆಗೆ ಅವರು ಜಾಯಿಂಟ್ ಸ್ಪಾನ್ಸರ್ ಆಗುವ ಹಾಗಿಲ್ಲ. ಅಡುಗೆ ಕೆಲಸವಾದರೂ ಸರಿ, ಗ್ರೀನ್ ಕಾರ್ಡ್ ಇದ್ದು ಆದಾಯ ಸಾಕಷ್ಟಿದ್ದವರು ಆಗಬಹುದು. ಇನ್ನು ಭಾರತದಲ್ಲಿರುವ ಅಪ್ಪ ಎಷ್ಟೇ ಶ್ರೀಮಂತರಿರಲಿ, ಮೊದಲ ಶರತ್ತೂ ಇಲ್ಲ, ವಾಸದ ಶರತ್ತೂ ಇಲ್ಲ.

ಒಬ್ಬರಿಗೆ ಒಬ್ಬರೇ ಜಾಯಿಂಟ್ ಸ್ಪಾನ್ಸರ್. ಅರ್ಧ ಚಿಕ್ಕಪ್ಪ, ಅರ್ಧ ಸ್ನೇಹಿತ ಅಂತ ಹಂಚಲು ಆಗುವುದಿಲ್ಲ. ಒಂದೇ ಅರ್ಜಿಯಲ್ಲಿ ಹೆಂಡತಿ ಮತ್ತು ಮಕ್ಕಳು ಒಟ್ಟಿಗೆ ಬರುವಾಗ ಮಾತ್ರ ಇಬ್ಬರು ಜಾಯಿಂಟ್ ಸ್ಪಾನ್ಸರ್‌ಗಳು ಮಂದಿಯನ್ನು ಹಂಚಿಕೊಳ್ಳಬಹುದು. ಆಗಲೂ ಪ್ರತಿಯೊಬ್ಬರು ತಮ್ಮ ಪಾಲಿನವರಿಗೆ ಪೂರ್ತಿ ಆದಾಯ ತೋರಿಸಲೇಬೇಕು.

ದುಡ್ಡು ಕೊಟ್ಟರೆ ಅಪರಿಚಿತರಿಂದ ಸ್ಪಾನ್ಸರ್ ಕೊಡಿಸುತ್ತೇವೆ ಎನ್ನುವ ಏಜೆಂಟರಿಂದ ದೂರವಿರಿ. ಸಂದರ್ಶನದಲ್ಲಿ "ಇವರು ನಿಮಗೆ ಏನಾಗಬೇಕು, ಯಾಕೆ ಸ್ಪಾನ್ಸರ್ ಮಾಡುತ್ತಿದ್ದಾರೆ" ಎಂದು ಕೇಳಬಹುದು. ಉತ್ತರ ತಡವರಿಸಿದರೆ ಅಲ್ಲಿಂದಲೇ ಅನುಮಾನ ಶುರು. ನನ್ನನ್ನು ಕೇಳಿದರೆ ಒಡಹುಟ್ಟಿದವರು, ಚಿಕ್ಕಪ್ಪ, ಸೋದರಮಾವ ಮೊದಲ ಆಯ್ಕೆ. ಹಳೆಯ ಸ್ನೇಹಿತರು ಆಮೇಲೆ.

ಹಂತ 3: ಅವರ ಮನೆಮಂದಿಯ ಲೆಕ್ಕ

"ಅವನಿಗೆ ಒಳ್ಳೆ ಸಂಬಳ ಇದೆ" ಎಂದರೆ ಸಾಲದು. ಜಾಯಿಂಟ್ ಸ್ಪಾನ್ಸರ್, ಅವರ ಗಂಡ ಅಥವಾ ಹೆಂಡತಿ, 21 ವರ್ಷದೊಳಗಿನ ಮದುವೆಯಾಗದ ಮಕ್ಕಳು, ಟ್ಯಾಕ್ಸ್ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸಿದವರು, ಹಿಂದೆ ಐ-864 ಕೊಟ್ಟು ಕರೆಸಿಕೊಂಡವರಲ್ಲಿ ಹೊಣೆ ಇನ್ನೂ ಮುಗಿಯದವರು, ಕೊನೆಗೆ ಈಗ ಬರುತ್ತಿರುವವರು. ಇಷ್ಟೂ ಜನ ಸೇರಬೇಕು.

ನ್ಯೂಜೆರ್ಸಿಯ ಚಿಕ್ಕಪ್ಪನಿಗೆ ಹೆಂಡತಿ, ಇಬ್ಬರು ಮಕ್ಕಳು ಇದ್ದಾರೆ ಅಂತಿಟ್ಟುಕೊಳ್ಳಿ. ಅವರು 4, ನೀವು 1, ಒಟ್ಟು 5. 2025ರ ಪಟ್ಟಿಯಲ್ಲಿ 47,062 ಡಾಲರ್. ಮೂರು ವರ್ಷದ ಹಿಂದೆ ಅವರೇ ಅತ್ತೆಗೂ ಸ್ಪಾನ್ಸರ್ ಮಾಡಿದ್ದರೆ? ಅತ್ತೆ ಇನ್ನೂ ಪ್ರಜೆಯಾಗಿಲ್ಲ, ಹಾಗಾಗಿ 6 ಜನ, 53,937 ಡಾಲರ್. ಈ ಹಳೆಯ ಸ್ಪಾನ್ಸರ್‌ಶಿಪ್ ಎಷ್ಟೋ ಜನರಿಗೆ ಮರೆತೇ ಹೋಗಿರುತ್ತದೆ. ನೀವೇ ಬಾಯಿ ಬಿಟ್ಟು ಕೇಳಿ.

ಚಿಕ್ಕಪ್ಪನ ಒಬ್ಬರ ಸಂಬಳವೇ ಸಾಕಾದರೆ ಚಿಕ್ಕಮ್ಮನ ಸಹಿ ಬೇಡ. ಸಾಲದಿದ್ದರೆ ಚಿಕ್ಕಮ್ಮ ಐ-864ಎ ತುಂಬಬೇಕು.

ಹಂತ 4: ಸಹಿ ಹಾಕಿಸುವ ಮೊದಲು ಪೂರ್ತಿ ವಿಷಯ ಹೇಳಿ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. "ಒಂದು ಸಹಿ ಅಷ್ಟೇ, ಫಾರ್ಮಾಲಿಟಿ" ಅಂತ ಹೇಳಿ ಸಹಿ ಹಾಕಿಸುವುದು ತಪ್ಪು. ಐ-864 ಕೋರ್ಟಿನಲ್ಲಿ ನಿಲ್ಲುವ ಕರಾರು. ಬಂದವರಿಗೆ ಬಡತನ ರೇಖೆಯ ಶೇ. 125ರ ಮಟ್ಟದಲ್ಲಿ ಜೀವನ ನಡೆಯುವಂತೆ ನೋಡಿಕೊಳ್ಳುತ್ತೇನೆ ಎಂಬ ಮಾತು ಅದರಲ್ಲಿದೆ. ಬಂದವರು ಆದಾಯ ನೋಡಿ ಕೊಡುವ ಸರ್ಕಾರಿ ನೆರವು ಪಡೆದರೆ, ಕೊಟ್ಟ ಇಲಾಖೆ ಆ ಹಣವನ್ನು ಸ್ಪಾನ್ಸರ್‌ನಿಂದ ವಸೂಲಿ ಮಾಡಬಹುದು. ಬಂದವರೇ ಕೋರ್ಟಿಗೆ ಹೋಗಿ ಜೀವನಾಂಶ ಕೇಳಲೂಬಹುದು. ಅಲ್ಲಿನ ಕೋರ್ಟುಗಳು ಅದನ್ನು ಕೊಡಿಸಿವೆ. ಪಿಟಿಷನರ್ ಮತ್ತು ಜಾಯಿಂಟ್ ಸ್ಪಾನ್ಸರ್ ಇಬ್ಬರೂ ಪೂರ್ತಿ ಮೊತ್ತಕ್ಕೆ ಹೊಣೆ. ಅರ್ಧ ಅರ್ಧ ಅಲ್ಲ.

ಈ ಹೊಣೆ ಯಾವಾಗ ಮುಗಿಯುತ್ತದೆ? ಬಂದವರು ಅಮೆರಿಕದ ಪ್ರಜೆಯಾದಾಗ, ಅವರ ಲೆಕ್ಕಕ್ಕೆ ಸೋಶಿಯಲ್ ಸೆಕ್ಯೂರಿಟಿಯ 40 ಕ್ವಾರ್ಟರ್ ಕೆಲಸ ಸೇರಿದಾಗ (ಸುಮಾರು 10 ವರ್ಷದ ದುಡಿಮೆ), ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋದಾಗ, ಅಥವಾ ಸ್ಪಾನ್ಸರ್ ಇಲ್ಲವೇ ಬಂದವರು ತೀರಿಕೊಂಡಾಗ. ವಿಚ್ಛೇದನದಿಂದ ಮುಗಿಯುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮದುವೆ ಮುರಿದರೂ ಚಿಕ್ಕಪ್ಪನ ಹೊಣೆ ಹಾಗೇ ಇರುತ್ತದೆ.

ಬಂದವರ ಕ್ರೆಡಿಟ್ ಕಾರ್ಡ್ ಸಾಲ ಅಥವಾ ಕಾರ್ ಲೋನ್ ಮಾತ್ರ ಈ ಫಾರಂನಿಂದ ಸ್ಪಾನ್ಸರ್ ತಲೆಗೆ ಬರುವುದಿಲ್ಲ. ಈ ಹೆದರಿಕೆ ಇರುವವರಿಗೆ ಧೈರ್ಯವಾಗಿ ಹೇಳಿ. ಮನಸ್ಸು ಬದಲಾದರೆ ವೀಸಾ ಸಿಗುವ ಮೊದಲು ಬರಹದಲ್ಲಿ ತಿಳಿಸಿ ಹಿಂದೆ ಸರಿಯಬಹುದು ಎಂಬುದನ್ನೂ ಹೇಳಿ. ಇಷ್ಟೆಲ್ಲ ಕೇಳಿಯೂ ಹೂಂ ಅಂದವರ ಜೊತೆ ಮುಂದಕ್ಕೆ ಹೋಗಿ.

ಹಂತ 5: ಕಾಗದಗಳು

ಜಾಯಿಂಟ್ ಸ್ಪಾನ್ಸರ್ ಕೊಡಬೇಕಾದದ್ದು:

- ತುಂಬಿ ಸಹಿ ಹಾಕಿದ ಐ-864. ಐ-864ಇಝಡ್ ಎಂಬ ಚಿಕ್ಕ ಫಾರಂ ಜಾಯಿಂಟ್ ಸ್ಪಾನ್ಸರ್‌ಗೆ ಅಲ್ಲ.
- ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಎಂಬುದಕ್ಕೆ ಪುರಾವೆ: ಅಮೆರಿಕದ ಪಾಸ್‌ಪೋರ್ಟಿನ ಫೋಟೋ ಪುಟ, ನ್ಯಾಚುರಲೈಸೇಷನ್ ಸರ್ಟಿಫಿಕೇಟ್, ಅಲ್ಲಿನ ಜನನ ಪತ್ರ ಅಥವಾ ಗ್ರೀನ್ ಕಾರ್ಡಿನ ಎರಡೂ ಬದಿ. ಪಿಟಿಷನರ್‌ದು ಐ-130 ಜೊತೆಗೇ ಹೋಗಿರುತ್ತದೆ, ಜಾಯಿಂಟ್ ಸ್ಪಾನ್ಸರ್‌ದು ಎಲ್ಲೂ ಇರುವುದಿಲ್ಲ. ಹೀಗಾಗಿ ಜನ ಇದನ್ನೇ ಮರೆಯುತ್ತಾರೆ.
- ಇತ್ತೀಚಿನ ವರ್ಷದ ಐಆರ್‌ಎಸ್ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್, ಅಂದರೆ ಸಲ್ಲಿಸಿದ ರಿಟರ್ನ್‌ನ ಸಾರಾಂಶ. ಐಆರ್‌ಎಸ್ ಅಂದರೆ ಅಲ್ಲಿನ ಆದಾಯ ತೆರಿಗೆ ಇಲಾಖೆ. ಅವರ ವೆಬ್‌ಸೈಟಿನಲ್ಲಿ ಇದು ಪುಕ್ಕಟೆ ಸಿಗುತ್ತದೆ. ರಿಟರ್ನ್ ಪ್ರತಿ ಕೊಡುವುದಾದರೆ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಲೆಕ್ಕ), 1099 (ಸಂಬಳವಲ್ಲದ ಆದಾಯದ ಲೆಕ್ಕ) ಎಲ್ಲವನ್ನೂ ಜೊತೆಗಿಡಿ.
- ಗಂಡ ಹೆಂಡತಿ ಒಟ್ಟಿಗೆ ರಿಟರ್ನ್ ಸಲ್ಲಿಸಿದ್ದರೆ ಸ್ಪಾನ್ಸರ್‌ನ ಡಬ್ಲ್ಯೂ-2 ಬೇಕೇ ಬೇಕು. ಇಲ್ಲದಿದ್ದರೆ ಯಾರ ದುಡಿಮೆ ಎಷ್ಟು ಅಂತ ಗೊತ್ತಾಗುವುದಿಲ್ಲ.
- ಕೆಲಸದ ಪತ್ರ ಮತ್ತು ಇತ್ತೀಚಿನ ಪೇ ಸ್ಟಬ್‌ಗಳು.

ಸ್ವಂತ ವ್ಯಾಪಾರದವರ ವಿಷಯದಲ್ಲಿ ಹುಷಾರು. ಅಂಗಡಿಯ ವಹಿವಾಟು 2 ಲಕ್ಷ ಡಾಲರ್ ಇರಬಹುದು. ಖರ್ಚೆಲ್ಲ ಕಳೆದು ರಿಟರ್ನ್‌ನಲ್ಲಿ ತೋರಿಸಿದ್ದು 30,000 ಆದರೆ ಲೆಕ್ಕಕ್ಕೆ ಬರುವುದು ಆ 30,000 ಮಾತ್ರ.

ಹಂತ 6: ಫಾರಂ ತುಂಬುವುದು

ಎರಡು ಐ-864 ಇರಬೇಕು: ಒಂದು ಪಿಟಿಷನರ್‌ದು, ಒಂದು ಜಾಯಿಂಟ್ ಸ್ಪಾನ್ಸರ್‌ದು. ಪಿಟಿಷನರ್‌ಗೆ ಒಂದು ಡಾಲರ್ ಆದಾಯವಿಲ್ಲದಿದ್ದರೂ ಅವರ ಫಾರಂ, ಅವರ ಟ್ಯಾಕ್ಸ್ ಕಾಗದ ಇರಲೇಬೇಕು. ರಿಟರ್ನ್ ಸಲ್ಲಿಸುವಷ್ಟು ಆದಾಯ ಇರಲಿಲ್ಲ ಅಂದರೆ ಹಾಗಂತ ವಿವರಿಸಿ ಸಹಿ ಹಾಕಿದ ಪತ್ರ ಬೇಕು. ಅಮೆರಿಕದ ಪ್ರಜೆಗಳು ಬೆಂಗಳೂರಿನಲ್ಲಿ ದುಡಿದರೂ ಅಮೆರಿಕದಲ್ಲಿ ರಿಟರ್ನ್ ಸಲ್ಲಿಸುವ ಹೊಣೆ ಇರುತ್ತದೆ. ಸಲ್ಲಿಸದೇ ಬಿಟ್ಟವರು ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಫಾರಂನ ಮೊದಲ ಭಾಗದಲ್ಲಿ ಜಾಯಿಂಟ್ ಸ್ಪಾನ್ಸರ್ 'ನಾನೊಬ್ಬನೇ ಜಾಯಿಂಟ್ ಸ್ಪಾನ್ಸರ್' ಎಂಬ ಅರ್ಥದ ಚೌಕವನ್ನು ಗುರುತಿಸಬೇಕು. ಪಿಟಿಷನರ್ ಫಾರಂ ನೋಡಿ ನಕಲು ಮಾಡುವ ಭರದಲ್ಲಿ 'ನಾನೇ ಪಿಟಿಷನರ್' ಎಂಬುದಕ್ಕೆ ಗುರುತು ಹಾಕಿಬಿಡುತ್ತಾರೆ. ಅದೇ ಪಟ್ಟಿಯಲ್ಲಿ ಸಬ್‌ಸ್ಟಿಟ್ಯೂಟ್ ಸ್ಪಾನ್ಸರ್ ಅಂತಲೂ ಇದೆ. ಅದು ಪಿಟಿಷನರ್ ತೀರಿಕೊಂಡಾಗ ಬಳಸುವುದು.

ಐದನೇ ಭಾಗ ಮನೆಮಂದಿಯ ಲೆಕ್ಕ. ಇಲ್ಲಿ ಪಿಟಿಷನರ್‌ಗೆ ಒಂದು ಗುಂಡಿ ಕಾದಿದೆ. ಬರುತ್ತಿರುವ ಹೆಂಡತಿಯನ್ನು ಮೊದಲ ಸಾಲಿನಲ್ಲೇ ಎಣಿಸಿ ಆಗಿರುತ್ತದೆ. ಕೆಳಗೆ 'ಮದುವೆಯಾಗಿದ್ದರೆ 1 ಎಂದು ಬರೆಯಿರಿ' ಎಂಬ ಸಾಲು ಕಂಡು ಮತ್ತೊಮ್ಮೆ 1 ಸೇರಿಸುತ್ತಾರೆ. ಇಬ್ಬರ ಮನೆ ಮೂವರದಾಗಿ ಬೇಕಾದ ಆದಾಯ 2025ರ ಪಟ್ಟಿಯ ಪ್ರಕಾರ 6,875 ಡಾಲರ್ ಏರಿಬಿಡುತ್ತದೆ. ಈ ತಪ್ಪು ಎಣಿಕೆಯಿಂದಲೇ ಜಾಯಿಂಟ್ ಸ್ಪಾನ್ಸರ್ ಬೇಕು ಅಂದುಕೊಂಡವರೂ ಇದ್ದಾರೆ.

ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದು, ಊರಿನ ಹೆಸರು ಸೇರಿಸುವುದು ಎಲ್ಲ ಇದೆಯಲ್ವಾ? ಪಿಟಿಷನರ್ ಒಂದು ಥರ, ಚಿಕ್ಕಪ್ಪ ಇನ್ನೊಂದು ಥರ ಬರೆದರೆ ಗೊಂದಲ. ವೀಸಾ ಅರ್ಜಿ ಡಿಎಸ್-260ರಲ್ಲಿರುವ ಹೆಸರನ್ನೇ ಇಬ್ಬರಿಗೂ ಕಳಿಸಿಕೊಡಿ.

ಆದಾಯದ ಭಾಗದಲ್ಲಿ ಎರಡು ಬೇರೆ ಬೇರೆ ಅಂಕಿಗಳಿವೆ. ಒಂದು ಈಗಿನ ವಾರ್ಷಿಕ ಆದಾಯ, ಇನ್ನೊಂದು ರಿಟರ್ನ್‌ನಲ್ಲಿರುವ ಒಟ್ಟು ಆದಾಯ. ಎರಡೂ ಒಂದೇ ಆಗಿರಬೇಕಿಲ್ಲ. ರಿಟರ್ನ್‌ನ ಅಂಕಿಯನ್ನು ಮಾತ್ರ ಟ್ರಾನ್ಸ್‌ಕ್ರಿಪ್ಟ್ ನೋಡಿಯೇ ಬರೆಯಿರಿ.

ಅಫಿಡವಿಟ್ ಅಂದ ಕೂಡಲೇ ಛಾಪಾ ಕಾಗದ, ನೋಟರಿ ಅಂತ ಓಡಬೇಡಿ. ಎರಡೂ ಬೇಡ. ಪೆನ್ನಿನಿಂದ ಹಾಕಿದ ಸಹಿ ಮತ್ತು ತಾರೀಖು ಇದ್ದರೆ ಸಾಕು, ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬಹುದು. ಸಹಿಯ ಜಾಗದಲ್ಲಿ ಹೆಸರು ಟೈಪ್ ಮಾಡಬೇಡಿ. ಫಾರಂನ ಎಲ್ಲ ಪುಟಗಳೂ ಇರಲಿ, ಖಾಲಿ ಇರುವವೂ ಸೇರಿ.

ಜಾಯಿಂಟ್ ಸ್ಪಾನ್ಸರ್ ಸರಿಮಾಡಲಾಗದ ತೊಂದರೆ: ಡೊಮಿಸೈಲ್

ಅಮೆರಿಕದಲ್ಲಿ ಹುಟ್ಟಿ ಚಿಕ್ಕವರಿದ್ದಾಗಲೇ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ವಾಪಸ್ ಬಂದವರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಇಲ್ಲೇ ಮದುವೆಯಾಗಿ, ಇಲ್ಲಿಂದಲೇ ಗಂಡ ಅಥವಾ ಹೆಂಡತಿಗೆ ಅರ್ಜಿ ಹಾಕುತ್ತಾರೆ. ಅಮೆರಿಕದಲ್ಲಿ ಆದಾಯವಿಲ್ಲ, ಹಾಗಾಗಿ ಜಾಯಿಂಟ್ ಸ್ಪಾನ್ಸರ್. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ.

ಡೊಮಿಸೈಲ್ ಅಂದರೆ ಕಾಯಂ ವಾಸದ ನೆಲೆ. ಪಿಟಿಷನರ್‌ನ ನೆಲೆ ಅಮೆರಿಕದಲ್ಲಿರಬೇಕು, ಅಥವಾ ವೀಸಾ ಪಡೆದವರು ಅಲ್ಲಿಗೆ ಕಾಲಿಡುವ ಹೊತ್ತಿಗೆ ತಾನೂ ನೆಲೆ ಮಾಡಿಕೊಳ್ಳುತ್ತೇನೆ ಎಂದು ತೋರಿಸಬೇಕು. ಇಲ್ಲದಿದ್ದರೆ ಎಷ್ಟೇ ದೊಡ್ಡ ಜಾಯಿಂಟ್ ಸ್ಪಾನ್ಸರ್ ಇದ್ದರೂ ಕೇಸು ಅಲ್ಲೇ ನಿಲ್ಲುತ್ತದೆ. ಅಲ್ಲಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು ಅಥವಾ ಮನೆ ಕೊಡುವ ಸಂಬಂಧಿಕರ ಪತ್ರ, ಕೆಲಸದ ಆಫರ್ ಅಥವಾ ಕೆಲಸಕ್ಕೆ ಹಾಕಿದ ಅರ್ಜಿಗಳು, ಮಕ್ಕಳ ಶಾಲೆಯ ದಾಖಲಾತಿ, ಇಲ್ಲಿನ ಕೆಲಸಕ್ಕೆ ಕೊಟ್ಟ ರಾಜೀನಾಮೆ ಇಂಥವು ಪುರಾವೆ. ಇವನ್ನು ಎನ್‌ವಿಸಿ ಕೇಳುವವರೆಗೆ ಕಾಯದೆ ಮೊದಲೇ ಸೇರಿಸಿ. ಹೆಂಡತಿಯನ್ನು ಮೊದಲು ಕಳಿಸಿ ಒಂದೆರಡು ವರ್ಷ ಬಿಟ್ಟು ಹೋಗುತ್ತೇನೆ ಅನ್ನುವ ಯೋಜನೆ ಇಲ್ಲಿ ನಡೆಯುವುದಿಲ್ಲ.

ಹಂತ 7: ಅಪ್‌ಲೋಡ್

ಐ-130 ಜೊತೆ ಐ-864 ಕಳಿಸುವುದು ಬೇಡ. ಎನ್‌ವಿಸಿಗೆ ಕೇಸು ಬಂದ ಮೇಲೆ ಸೀಯಾಕ್‌ನಲ್ಲಿ ಫೀಸು ಕಟ್ಟಬೇಕು: ಅಫಿಡವಿಟ್ ಪರಿಶೀಲನೆಗೆ 120 ಡಾಲರ್, ವೀಸಾ ಅರ್ಜಿಗೆ 325 ಡಾಲರ್. ಜಾಯಿಂಟ್ ಸ್ಪಾನ್ಸರ್ ಸೇರಿದ್ದಕ್ಕೆ ಬೇರೆ ಫೀಸಿಲ್ಲ. ಪಿಟಿಷನರ್ ಕಾಗದಗಳನ್ನು ಅವರ ಹೆಸರಿನಡಿ ಹಾಕಿ, ಆಮೇಲೆ ಜಾಯಿಂಟ್ ಸ್ಪಾನ್ಸರ್‌ನ್ನು ಸೇರಿಸಿ ಅವರದನ್ನು ಬೇರೆಯಾಗಿ ಹಾಕಿ. ಒಬ್ಬರದರಲ್ಲಿ ಇನ್ನೊಬ್ಬರದು ಬೆರೆಸಬೇಡಿ. ಪಾಸ್‌ವರ್ಡ್ ಇರುವ ಪಿಡಿಎಫ್ ಬೇಡ.

ಪ್ರಜೆಯ ಹೆಂಡತಿ ಮತ್ತು ಮಗು ಇಬ್ಬರೂ ಹೋಗುವುದಾದರೆ ಎರಡು ಬೇರೆ ಬೇರೆ ಐ-130, ಎರಡು ಕೇಸು. ಎರಡರಲ್ಲೂ ಪಿಟಿಷನರ್‌ದು ಮತ್ತು ಜಾಯಿಂಟ್ ಸ್ಪಾನ್ಸರ್‌ದು ಐ-864 ಬೇಕಾಗುತ್ತದೆ. ಗ್ರೀನ್ ಕಾರ್ಡ್ ಇರುವವರ ಕೇಸಿನಲ್ಲಿ ಮಗು ತಾಯಿಯ ಜೊತೆ ಒಂದೇ ಅರ್ಜಿಯಲ್ಲಿ ಬರಬಹುದು, ಆಗ ಫಾರಂನ ಮೂರನೇ ಭಾಗದಲ್ಲಿ ಮಗುವಿನ ಹೆಸರೂ ಇರಬೇಕು.

ಹಂತ 8: ಮುಂಬೈ ಸಂದರ್ಶನ

ಭಾರತದಲ್ಲಿರುವವರಿಗೆ ಈ ಸಂದರ್ಶನ ಸಾಮಾನ್ಯವಾಗಿ ಮುಂಬೈನ ಅಮೆರಿಕ ಕಾನ್ಸುಲೇಟಿನಲ್ಲಿ. ಕೇಸ್ ನಂಬರ್ ಬಿಎಂಬಿ ಎಂದು ಶುರುವಾಗಿದ್ದರೆ ಅಲ್ಲೇ. ಡಿಕ್ಯೂ ಆದ ಮಾತ್ರಕ್ಕೆ ಅಧಿಕಾರಿ ಒಪ್ಪಿಯೇ ಬಿಡುತ್ತಾರೆ ಅಂತಲ್ಲ, ಆದಾಯವನ್ನು ಮತ್ತೆ ನೋಡುತ್ತಾರೆ. ಎರಡೂ ಐ-864ಗಳ ಪ್ರತಿ ಕೈಯಲ್ಲಿರಲಿ. ಡಿಕ್ಯೂ ಆದ ಮೇಲೆ ಏಪ್ರಿಲ್ ತಿಂಗಳು ಕಳೆದಿದ್ದರೆ ಇಬ್ಬರ ಹೊಸ ವರ್ಷದ ಟ್ರಾನ್ಸ್‌ಕ್ರಿಪ್ಟ್, ಹೊಸ ಪೇ ಸ್ಟಬ್ ತೆಗೆದುಕೊಂಡು ಹೋಗಿ. ಜಾಯಿಂಟ್ ಸ್ಪಾನ್ಸರ್ ಏನು ಕೆಲಸ ಮಾಡುತ್ತಾರೆ, ಎಲ್ಲಿರುತ್ತಾರೆ, ನಿಮಗೆ ಏನಾಗಬೇಕು ಇಷ್ಟು ಗೊತ್ತಿರಲಿ. ಅವರು ಸಂದರ್ಶನಕ್ಕೆ ಬರಬೇಕಿಲ್ಲ.

ಸಂದರ್ಶನದಲ್ಲೇ "ಜಾಯಿಂಟ್ ಸ್ಪಾನ್ಸರ್ ಬೇಕು" ಎಂದು 221(ಜಿ) ಚೀಟಿ (ಕಾಗದ ಸಾಲದೆ ವೀಸಾ ತಡೆಹಿಡಿದಾಗ ಕೊಡುವುದು) ಕೊಟ್ಟರೆ ವೀಸಾ ಶಾಶ್ವತವಾಗಿ ಹೋಯಿತು ಅಂತಲ್ಲ. ಕೇಳಿದ ಕಾಗದಗಳನ್ನು ಒಂದು ವರ್ಷದೊಳಗೆ ಕೊಡಬೇಕು, ಇಲ್ಲದಿದ್ದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಬಹುದು. ಚೀಟಿಯಲ್ಲಿ ಬರೆದ ದಾರಿಯಲ್ಲೇ ಸಲ್ಲಿಸಿ, ಈಮೇಲ್‌ನಲ್ಲಿ ತುಂಡು ತುಂಡಾಗಿ ಕಳಿಸಬೇಡಿ.

ಅಮೆರಿಕಕ್ಕೆ ಹೋಗಿ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪಿಟಿಷನರ್ ಮತ್ತು ಜಾಯಿಂಟ್ ಸ್ಪಾನ್ಸರ್ ಇಬ್ಬರಿಗೂ ಒಂದು ಚಿಕ್ಕ ಕೆಲಸ ಉಳಿದಿರುತ್ತದೆ. ಹೊಣೆ ಮುಗಿಯುವ ಮೊದಲು ಮನೆ ಬದಲಿಸಿದರೆ 30 ದಿನದೊಳಗೆ ಐ-865 ಫಾರಂನಲ್ಲಿ ಹೊಸ ವಿಳಾಸ ತಿಳಿಸಬೇಕು. ತಿಳಿಸದಿದ್ದರೆ ದಂಡ ಬೀಳಬಹುದು. ಚಿಕ್ಕಪ್ಪ ಮನೆ ಬದಲಿಸುವಾಗ ನೀವೇ ಒಂದು ಫೋನ್ ಮಾಡಿ ನೆನಪಿಸಿ.